ಚಿಗರಿ-೭ನ್ನು ತಗಡಿನ ಕೆಳಗೆ ತೂಗಿದ ಬಗ್ಗೆ

ಮಲ್ಪೆಯವರ ಕೇರಿ, ಬಳ್ಳಾರಿ
ಮೇ ತಿಂಗಳ ನಲವತ್ತಮೂರನೇ ತಾರೀಖು, ೨೧೯೪

ಕಂಪ್ಯೂಟರಿನ ಪ್ರೊಸೆಸರುಗಳನ್ನು ಪರೀಕ್ಷಿಸಿ ಬರೆಯುತ್ತಿದ್ದ ಹಿಂದಿನವರಿಗೆ, ನಿಶ್ಮಿತಾಳ ನಮಸ್ಕಾರ.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಮೊದಲ ಮಳೆ ಬೀಳುವ ತನಕ ಕ್ಯಾಲೆಂಡರಿನಲ್ಲಿ ಜೂನ್ ಹಾಳೆ ತಿರುಗಿಸುವುದಿಲ್ಲ. ಮಳೆ ಬಾರದಿದ್ದರೆ ಮೇ ತಿಂಗಳೇ ಉದ್ದವಾಗುತ್ತಾ ಹೋಗುತ್ತದೆ. ಹೋದ ವರ್ಷ ಐವತ್ತೆರಡರ ತನಕ ಹೋಗಿತ್ತು. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರ ಕೇಳಿಸಬಹುದು, ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ನಾನು ಕೂತು ಬರೆಯುವವಳಲ್ಲ. ಒಂದೇ ಕಡೆ ಕೂತರೆ ಕಾಲು ಸುಮ್ಮನಿರುವುದಿಲ್ಲ. ಓಣಿಯಲ್ಲಿ ಈ ತುದಿಯಿಂದ ಆ ತುದಿಗೆ ನಡೆಯುತ್ತಾ ಮಾತಾಡುತ್ತಿದ್ದೇನೆ, ಕೇರಿಯ ಕಂಪ್ಯೂಟರ್ ಪೆಟ್ಟಿಗೆ ಕೇಳಿಸಿಕೊಂಡು ಬರೆದುಕೊಳ್ಳುತ್ತಿದೆ. ಎಲ್ಲಾದರೂ ಮಾತು ತುಂಡಾಗಿದ್ದರೆ ಓಣಿ ಮುಗಿದು ಹಿಂದೆ ತಿರುಗಿದೆ ಎಂದುಕೊಳ್ಳಿ.

ನಾನು ಕೆಲಸ ಮಾಡುವುದು ತೂಕದ ಮನೆಯಲ್ಲಿ. ಅಕ್ಕಿ ಬೇಳೆ ತೂಗುವ ಜಾಗ ಅದಲ್ಲ. ಹೊಸ ಪ್ರೊಸೆಸರ್ ಬಂದರೆ ಅದನ್ನು ನಲವತ್ತೆಂಟು ದಿನ ಇಟ್ಟುಕೊಂಡು, ದುಡಿಸಿ, ದಣಿಸಿ, ಜನರ ಮನೆಗೆ ಆಗುತ್ತದೋ ಇಲ್ಲವೋ ಎಂದು ಹೇಳುವ ಮನೆ. ಪ್ರೊಸೆಸರ್ ಎಂಬ ಮಾತು ನಮ್ಮಲ್ಲಿ ಹಳೆಯ ಹಾಳೆಗಳಲ್ಲಿ ಮಾತ್ರ ಉಳಿದಿದೆ. ನಾವು ಬಿಲ್ಲೆ ಎನ್ನುತ್ತೇವೆ. ನೀವು ಕೋರ್ ಎಂದು ಎಣಿಸುತ್ತಿದ್ದುದನ್ನು ನಾವು ಎಸಳು ಎಂದು ಎಣಿಸುತ್ತೇವೆ. ತೂಕದ ಮನೆಯಲ್ಲಿ ಒಂದು ನಿಯಮ ಇದೆ: ತಪ್ಪು ತೂಕ ಬರೆದವರು ತಮಗಿಂತ ಹಿಂದಿನ ತೂಗುವವರಿಗೆ ಒಂದು ಪತ್ರ ಬರೆದು, ಅವರ ಹಾಳೆಗಳ ಕಟ್ಟಿನಲ್ಲೇ ಸೇರಿಸಿಡಬೇಕು. ಆ ಕಟ್ಟಿನಲ್ಲಿ ತೀರಾ ಅಡಿಯಲ್ಲಿರುವವು ನಿಮ್ಮ ಹಾಳೆಗಳು. ಮುಂದಿನವರಿಗೆ ಬರೆದರೆ ಅವರಿಗಾದರೂ ಉಪಯೋಗವಾದೀತಲ್ಲ ಎಂದು ನಾನು ಕೇಳಿದೆ. ತೂಕದ ಮನೆಯ ಹಿರಿಯರಾದ ಗಾದಿಲಿಂಗಪ್ಪನವರು ಕನ್ನಡಕ ಒರೆಸಿಕೊಳ್ಳುತ್ತಾ ಹೇಳಿದರು: “ಮುಂದಿನೋರಿಗೆ ಬರದ್ರ ಬುದ್ಧಿ ಹೇಳಾಕ ಕುಂದರ್ತಿ ಬೇ. ಹಿಂದಿನೋರಿಗೆ ಬರಿ. ಆವಾಗ ತಲಿ ತಾನಾ ತಗ್ಗತೈತಿ.”

ಹಾಗಾಗಿ ತಲೆ ತಗ್ಗಿಸಿಯೇ ಹೇಳುತ್ತೇನೆ. ನಾನು ಒಂದು ಬಿಲ್ಲೆಯನ್ನು ತಪ್ಪು ತೂಗಿದೆ. ಅದರಿಂದ ಬಾಬಣ್ಣ ಎಂಬ ಮನುಷ್ಯನ ಕೈ ಹೋಯಿತು. ಅದಕ್ಕಿಂತ ಹೆಚ್ಚು ನಾಚಿಕೆಯ ವಿಷಯ ಇನ್ನೊಂದು ಉಂಟು, ಅದನ್ನು ಅದರ ಜಾಗ ಬಂದಾಗ ಹೇಳುತ್ತೇನೆ. ಈಗಲೇ ಹೇಳಿದರೆ ಉಳಿದದ್ದನ್ನು ಹೇಳುವ ಧೈರ್ಯ ಇರಲಿಕ್ಕಿಲ್ಲ.

ನಿಮ್ಮ ಕಾಲದಲ್ಲಿ ದೊಡ್ಡ ಲೆಕ್ಕಗಳೆಲ್ಲ ಎಲ್ಲೋ ದೂರದ ಕಟ್ಟಡಗಳಿಗೆ ಹೋಗಿ ಬರುತ್ತಿದ್ದವಂತೆ. ಆ ಕಟ್ಟಡಗಳು ತಣ್ಣಗಿರಲು ನೀರು ಬೇಕಿತ್ತು. ಜನಕ್ಕೂ ನೀರು ಬೇಕಿತ್ತು. ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಎನ್ನುವ ಕಾಲ ಬಂದಾಗ ಆ ಕಟ್ಟಡಗಳು ಒಂದೊಂದಾಗಿ ಮುಚ್ಚಿದವು, ಲೆಕ್ಕ ಮತ್ತೆ ಮೇಜಿನ ಮೇಲಿನ ಪೆಟ್ಟಿಗೆಗೆ ಬಂತು. ಈಗ ಪ್ರತಿ ಕೇರಿಗೆ ಒಂದು ಪೆಟ್ಟಿಗೆ. ನಮ್ಮ ಕೇರಿಯದ್ದು ಸುಮತಿಯಕ್ಕನ ಮನೆಯಲ್ಲಿದೆ, ನೋಡಿಕೊಳ್ಳುವುದೂ ಅವರೇ. ಬೆಳಿಗ್ಗೆ ಮಕ್ಕಳ ಪಾಠ, ಆಮೇಲೆ ದವಾಖಾನೆಯವರು ಕಳಿಸಿದ ಎದೆಗೂಡಿನ ಚಿತ್ರಗಳು, ಸಂಜೆ ನಮ್ಮ ತುಳುವನ್ನು ಇಲ್ಲಿನವರ ಕನ್ನಡಕ್ಕೂ ತೆಲುಗಿಗೂ ತಿರುಗಿಸುವ ಕೆಲಸ, ಮದುವೆ ಇದ್ದರೆ ಅದರ ಸಿನಿಮಾ, ಎಲ್ಲವೂ ಅದೊಂದರಲ್ಲೇ. ಇಡೀ ಕೇರಿಯವರು ಸೇರಿ ಕೊಳ್ಳುವುದು ಆದ್ದರಿಂದ ಅಗ್ಗದ ಬಿಲ್ಲೆ ನಡೆಯುವುದಿಲ್ಲ. ಇದ್ದುದರಲ್ಲಿ ಅತಿ ಮೇಲಿನದೇ ಬೇಕು. ಅದನ್ನು ಕೊಳ್ಳುವ ಮುಂಚೆ ಎಲ್ಲರೂ ಓದುವುದು ತೂಕದ ಮನೆಯ ಹಾಳೆಯನ್ನು.

ಪೆಟ್ಟಿಗೆ ಮಾಡುವ ಎಲ್ಲ ಕೆಲಸಕ್ಕಿಂತ ದೊಡ್ಡದು ಬಿಸಿಲೆಣಿಕೆ. ಓಣಿ ಓಣಿಯ ಕಂಬಗಳ ಮೇಲೆ ಬಿಸಿಯನ್ನೂ ತೇವವನ್ನೂ ಅಳೆಯುವ ಸಣ್ಣ ಗುಂಡಿಗಳಿವೆ. ಪೆಟ್ಟಿಗೆ ಅವುಗಳಿಂದ ಅಂದಿನ ಅಳತೆ ತೆಗೆದುಕೊಂಡು, ಯಾವ ಓಣಿಯಲ್ಲಿ ಎಷ್ಟು ಗಂಟೆಯ ನಂತರ ಮನುಷ್ಯನ ಬೆವರು ಮನುಷ್ಯನನ್ನು ಕಾಪಾಡಲಾರದು ಎಂದು ಎಣಿಸಿ ಹೇಳುತ್ತದೆ. ಆ ಹೊತ್ತಿಗೆ ಪೆಟ್ಟಿಗೆ ನೋಡಿಕೊಳ್ಳುವವರು ಸೈರನ್ ಒತ್ತುತ್ತಾರೆ. ಸೈರನ್ ಆದರೆ ಹಿಡಿದ ಕೆಲಸವನ್ನು ಹಿಡಿದಲ್ಲೇ ಬಿಟ್ಟು ಒಳಗೆ ಬರಬೇಕು. ಹಳೆಯ ಬಿಲ್ಲೆಗೆ ಈ ಎಣಿಕೆ ಮುಗಿಸಲು ಒಂದೂಕಾಲು ಗಂಟೆ ಬೇಕಿತ್ತು. ಅದಕ್ಕೆ ಒಂಬತ್ತೂಕಾಲಕ್ಕೇ ಶುರು ಮಾಡುತ್ತಿದ್ದರು. ಬೆಳಗಿನ ಅಳತೆಯಿಂದ ಮಧ್ಯಾಹ್ನದ ಬಿಸಿಲನ್ನು ಊಹಿಸುವುದು ಕಷ್ಟ, ಆದ್ದರಿಂದ ಯಾವುದಕ್ಕೂ ಇರಲಿ ಎಂದು ದಿನಾ ಹತ್ತೂವರೆಗೆ ಎಲ್ಲರನ್ನೂ ಒಳಗೆ ಕರೆಯುತ್ತಿದ್ದರು. ಹೊರಗೆ ದುಡಿಯುವವರಿಗೆ ಅರ್ಧ ದಿನ ಹಾಗೇ ಹೋಗುತ್ತಿತ್ತು. ಚುರುಕಾದ ಬಿಲ್ಲೆ ಬೇಕು ಎಂದು ನಮ್ಮವರು ಆಸೆಪಡುತ್ತಿದ್ದುದು ಇದಕ್ಕೇ.

ನಮ್ಮವರು ಎಂದರೆ ಮಲ್ಪೆಯವರು. ಸಮುದ್ರ ಒಳಗೆ ಬಂದ ಮೇಲೆ ಗುಂಪು ಗುಂಪಾಗಿ ಇಲ್ಲಿಗೆ ಬಂದವರು. ನಾನು ಕೊನೆಯ ಲಾರಿಯಲ್ಲಿ ಬಂದವಳು, ನಾಲ್ಕು ವರ್ಷವಾಯಿತು. ಬಲೆ ಹೆಣೆಯುವುದು ಬಿಟ್ಟರೆ ಹೆಚ್ಚಿನವರಿಗೆ ಬೇರೆ ವಿದ್ಯೆ ಇರಲಿಲ್ಲ. ಆದರೆ ಬಳ್ಳಾರಿಗೆ ಬೇಕಾದದ್ದೂ ಅದೇ ಆಯಿತು. ಈಗ ಇಲ್ಲಿನ ದೊಡ್ಡ ಬೀದಿಗಳ ಮೇಲೆಲ್ಲ ಕಂಬದಿಂದ ಕಂಬಕ್ಕೆ ನೆರಳು ಬಲೆ ಕಟ್ಟುವವರು ನಮ್ಮವರೇ. ಬಾಬಣ್ಣ ಅವರಲ್ಲಿ ಎಲ್ಲರಿಗಿಂತ ನುರಿತವರು. ಅವರು ಹಾಕಿದ ಗಂಟನ್ನು ಗಾಳಿ ಬಿಚ್ಚಿದ್ದಿಲ್ಲ. “ಅಲ್ಲಿ ಮೀನು ಹಿಡೀಲಿಕ್ಕೆ ಬಲೆ ಹಾಕ್ತಿದ್ದೆ, ಇಲ್ಲಿ ಸೂರ್ಯನನ್ನು ಹಿಡೀಲಿಕ್ಕೆ ಹಾಕೂದು. ಎರಡೂ ಜಾರ್ತದೆ ಮಾರಾಯ್ತಿ,” ಎಂದು ನಗುತ್ತಿದ್ದರು. ಅವರು ಆಡುವುದು ತುಳುವಿನಲ್ಲಿ, ನಿಮಗಾಗಿ ಕನ್ನಡದಲ್ಲಿ ಹೇಳುತ್ತಿದ್ದೇನೆ.

ಹೋದ ವರ್ಷ ಏಪ್ರಿಲಿನಲ್ಲಿ ಚಿಗರಿ-೭ ಬಂತು. ತೊಂಬತ್ತಾರು ಎಸಳಿನ ಬಿಲ್ಲೆ. ಅಂಗೈಯಲ್ಲಿಟ್ಟರೆ ಕಲ್ಲುಸಕ್ಕರೆಯ ತುಂಡಿನ ಭಾರ. ತೂಗುವ ಕೆಲಸ ಪೂರ್ತಿಯಾಗಿ ನನ್ನೊಬ್ಬಳ ಕೈಗೆ ಬಂದದ್ದು ಅದೇ ಮೊದಲು. ನಿಮ್ಮ ಹಾಳೆಗಳನ್ನು ನಾನು ಓದಿ ಓದಿ ಬಾಯಿಪಾಠ ಮಾಡಿದ್ದೆ. ಆ ಬಣ್ಣದ ಪಟ್ಟಿಗಳು, ಹಿಂದಿನ ತಲೆಮಾರಿನದಕ್ಕಿಂತ ಶೇಕಡಾ ಇಷ್ಟು ಹೆಚ್ಚು ಎಂಬ ಗತ್ತು, ಕೊನೆಯಲ್ಲಿ ಹತ್ತಕ್ಕೆ ಎಷ್ಟು ಎಂದು ಕೊಡುತ್ತಿದ್ದ ಅಂಕ. ನನಗೂ ಹಾಗೆ ಬರೆಯಬೇಕು ಎಂಬ ಹುಚ್ಚು. ಚಿಗರಿ ಆ ಹುಚ್ಚಿಗೆ ತಕ್ಕ ಬಿಲ್ಲೆಯೇ ಆಗಿತ್ತು. ಎದೆಗೂಡಿನ ಇನ್ನೂರು ಚಿತ್ರಗಳನ್ನು ಹಳೆಯ ಬಿಲ್ಲೆ ಮಧ್ಯಾಹ್ನದ ತನಕ ನೋಡುತ್ತಿದ್ದರೆ, ಇದು ನಾನು ಚಹಾ ಕುಡಿದು ಲೋಟ ತೊಳೆದಿಡುವಷ್ಟರಲ್ಲಿ ಮುಗಿಸಿತು. ಮೂರು ಭಾಷೆಯವರು ಒಟ್ಟಿಗೆ ಜಗಳವಾಡಿದರೂ ಯಾರ ಬೈಗುಳವನ್ನೂ ಬಿಡದೆ ತಿರುಗಿಸಿ ಹೇಳಿತು. ನೆರಳಿನ ಕೋಣೆಯಲ್ಲಿ ಬಿಸಿಲೆಣಿಕೆಗೆ ಒಂಬತ್ತು ನಿಮಿಷ. ನಾನು ಮೂರು ಸಲ ಮಾಡಿ ನೋಡಿದೆ, ಮೂರು ಸಲವೂ ಒಂಬತ್ತೇ. ಖುಷಿಗೆ ಕೋಣೆಯಲ್ಲಿ ಸುತ್ತು ಹಾಕಿದೆ. ಗಾದಿಲಿಂಗಪ್ಪನವರು ಬಾಗಿಲಲ್ಲಿ ನಿಂತು, “ಬಿಲ್ಲಿ ಓಡಾಕತ್ತೈತೋ, ನೀ ಓಡಾಕತ್ತೀಯೋ?” ಎಂದರು.

ತೂಕದ ಮನೆಯಲ್ಲಿ ಬಿಲ್ಲೆಯನ್ನು ಮೂರು ಕಡೆ ತೂಗುತ್ತೇವೆ: ನೆರಳಿನಲ್ಲಿ, ಜಗಲಿಯಲ್ಲಿ, ತಗಡಿನ ಕೆಳಗೆ. ಬಿಸಿ ಮೀರಿದರೆ ಬಿಲ್ಲೆ ತನ್ನನ್ನು ಸುಟ್ಟುಕೊಳ್ಳದಂತೆ ತಾನೇ ನಿಧಾನವಾಗುತ್ತದೆ. ಅದು ನಿಮ್ಮ ಕಾಲದಲ್ಲೂ ಇದ್ದದ್ದೇ. ನಮ್ಮ ಕೇರಿಗಳಲ್ಲಿ ಹೆಚ್ಚಿನ ಮನೆಗಳು ತಗಡಿನವು, ಹಾಗಾಗಿ ಕೊನೆಯ ತೂಕವೇ ನಿಜವಾದ ತೂಕ. ಅದನ್ನು ಜನ ವಾಸವಿರುವ ತಗಡಿನ ಮನೆಯೊಂದರಲ್ಲಿ ನಡುಹಗಲಿಗೆ ಮಾಡಬೇಕು. ತೂಗುವವರು ಬಿಲ್ಲೆಯ ಜೊತೆಗೇ ಕೂರಬೇಕು, ತಯಾರಕರ ಕಡೆಯ ಒಬ್ಬರು ಸಾಕ್ಷಿಗೆ ಇರಬೇಕು. ಬಿಸಿ ಎಷ್ಟಿತ್ತು ಎಂದು ಬರೆಯಲು ಹಾಳೆಯಲ್ಲಿ ಜಾಗವೇ ಇಲ್ಲ. ಮೊದಲಿನವರಿಗೆ ಅದು ಬೇಕೆನಿಸಿರಲಿಲ್ಲ. ಜೊತೆಗೆ ಕೂತವರ ಮೈಯೇ ಹೇಳುತ್ತದಲ್ಲ ಎಂದು ಅವರು ನಂಬಿದ್ದರು.

ಗಾದಿಲಿಂಗಪ್ಪನವರಿಗೆ ಮೊಣಕಾಲು ನೋವು, ದೂರ ನಡೆಯಲಾಗುವುದಿಲ್ಲ. “ನಿಮ್ಮ ಕೇರಿಯಾಗ ತಗಡಿನ ಮನಿ ಅದಾವಲ್ಲ? ನಿನ್ನ ಮನಿಯಾಗಾ ಮಾಡಿಬಿಡವ್ವ,” ಎಂದರು. ತೂಕದ ಮನೆಯ ಯಾರನ್ನೂ ನಾನು ಅದುವರೆಗೆ ಮನೆಗೆ ಕರೆದಿರಲಿಲ್ಲ. ಬ್ರೂಸ್‌ಪೇಟೆಯ ಕಡೆ ಕಲ್ಲಿನ ಮನೆಯಲ್ಲಿ ಬಾಡಿಗೆಗೆ ಇದ್ದೇನೆ ಎಂದು ಒಬ್ಬಿಬ್ಬರ ಹತ್ತಿರ ಬಾಯಿ ತಪ್ಪಿ ಹೇಳಿಯೂ ಇದ್ದೆ. ಈಗ ತಯಾರಕರ ಕಡೆಯಿಂದ ಇಸ್ತ್ರಿ ಮಾಡಿದ ಅಂಗಿಯವನೊಬ್ಬ ಬಂದು, ಒಂದೇ ಕೋಣೆಯ ನನ್ನ ತಗಡಿನ ಡಬ್ಬಿಯಲ್ಲಿ ಎರಡು ಗಂಟೆ ಬೇಯುತ್ತಾ ಕೂರಬೇಕು. ನನ್ನ ಪಕ್ಕದ ಮನೆಯವರೇ ಸುಮತಿಯಕ್ಕ. ಅವರ ಹತ್ತಿರ ಹೇಳಿಕೊಂಡೆ. ಹೇಳಿಕೊಂಡದ್ದು ಬಿಲ್ಲೆಯ ವಿಷಯವನ್ನಲ್ಲ. ಮನೆಗೆ ದೊಡ್ಡ ಜನ ಬರುತ್ತಿದ್ದಾರೆ, ನನಗೆ ನಾಚಿಕೆ ಆಗುತ್ತದೆ ಎಂದಷ್ಟೇ.

“ನಾಚಿಕೆ ಎಂತದ್ದು? ನಾವು ಸತ್ತಿದ್ದೇವಾ?” ಎಂದರು ಸುಮತಿಯಕ್ಕ.

ನಮ್ಮವರಲ್ಲಿ ಒಂದು ಪದ್ಧತಿ ಇದೆ. ಊರಿನಲ್ಲಿದ್ದಾಗ ಮನೆಗೆ ಬಂದವರಿಗೆ ಮೊದಲು ಬೆಲ್ಲ ನೀರು ಕೊಡುತ್ತಿದ್ದೆವು. ಇಲ್ಲಿ ಬೆಲ್ಲ ಸಿಗುವುದು ಅಪರೂಪ. ಅದರ ಬದಲು, ನೆಂಟರು ಬರುವ ದಿನ ಆ ಮನೆಯ ತಗಡಿನ ಮೇಲೆ ಗೋಣಿ ಹಾಸಿ ನೀರು ಹನಿಸುತ್ತೇವೆ. ಮನೆಯೊಂದಕ್ಕೆ ದಿನಕ್ಕೆ ಆರು ಕೊಡ ನೀರು. ಗೋಣಿಗೆ ಹಾಕುವ ನೀರನ್ನು ನೆಂಟರು ಬರುವ ಮನೆಯವರು ಹಾಕಬಾರದು, ಅಕ್ಕಪಕ್ಕದವರೇ ಹಾಕಬೇಕು. ಅದು ಮರ್ಯಾದೆ. ಆ ದಿನ ಬೆಳಿಗ್ಗೆ ನಾನು ಬಿಲ್ಲೆ ತರಲು ಹೋಗಿ ಬರುವಷ್ಟರಲ್ಲಿ ಹನ್ನೆರಡು ಮನೆಯವರು ಒಂದೊಂದು ಕೊಡ ತಂದಿಟ್ಟಿದ್ದರು. ಸುಮತಿಯಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಏಣಿಯ ಮೇಲಿದ್ದರು. ಬಾಬಣ್ಣ ಕೆಳಗಿನಿಂದ ಕೊಡ ಎತ್ತಿ ಕೊಡುತ್ತಾ, “ಎಂತ ಸುಮತೀ, ಮದಿಮಾಯ ಬರುದಾ?” ಎಂದು ಕೀಟಲೆ ಮಾಡುತ್ತಿದ್ದರು. ಮದಿಮಾಯ ಎಂದರೆ ನಮ್ಮಲ್ಲಿ ಮದುಮಗ.

ನಾನು ಓಣಿಯಲ್ಲಿ ಬಿಲ್ಲೆಯ ಡಬ್ಬಿ ಹಿಡಿದುಕೊಂಡು ನಿಂತು ಅದನ್ನು ನೋಡಿದೆ. ನೋಡಿದ ಕೂಡಲೇ ಗೊತ್ತಾಯಿತು. ಗೊತ್ತಾಗಲಿಲ್ಲ ಎಂದು ನಿಮ್ಮೆದುರು ಸುಳ್ಳು ಹೇಳುವುದಿಲ್ಲ. ಗೋಣಿ ತೆಗೆಯಿರಿ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಹೇಳಿದರೆ ಆ ಮನುಷ್ಯ ನನ್ನ ಮನೆಯನ್ನು ಅದು ಇರುವ ಹಾಗೆ ನೋಡುತ್ತಾನೆ. ನಾನು ಹೇಳಲಿಲ್ಲ.

ತಯಾರಕರ ಕಡೆಯಿಂದ ಬಂದವನ ಹೆಸರು ಮೌನೇಶ, ಹುಬ್ಬಳ್ಳಿ ಕಡೆಯವನು. ಒಳ್ಳೆಯ ಹುಡುಗ. ಚಪ್ಪಲಿ ಹೊರಗೆ ಬಿಟ್ಟು, ಬಗ್ಗಿ ಒಳಗೆ ಬಂದು, ಉಸ್ಸೆಂದು ಕೂತು ಹೇಳಿದ: “ಹೊರಗ ಬೆಂಕಿ ಸುರದಂಗ ಆಗೇತ್ರಿ. ನಿಮ್ಮ ಮನ್ಯಾಗ ಮಾತ್ರ ಭಾಳ ತಂಪೈತಿ ನೋಡ್ರಿ!” ಅವನಿಗೆ ಗೋಣಿಯ ವಿಷಯ ಗೊತ್ತಿರಲಿಲ್ಲ. ನಾನು ಹೆಮ್ಮೆಯಿಂದ ನಕ್ಕೆ. ಹೌದು, ನಕ್ಕೆ. ಬೇರೆ ದಿನ ಆ ಹೊತ್ತಿಗೆ ನನ್ನ ಮನೆಯಲ್ಲಿ ಬಟ್ಟೆ ಮೈಗೆ ಅಂಟಿ ಹಿಂಡುವ ಹಾಗಿರುತ್ತದೆ. ಆ ದಿನ ಹಾಕಿದ್ದ ಹೊಸ ಚೂಡಿದಾರ ಸಂಜೆಯ ತನಕ ಒಣಗಿಯೇ ಇತ್ತು. ಬಿಸಿಲೆಣಿಕೆಗೆ ಹನ್ನೊಂದು ನಿಮಿಷ. ಮೌನೇಶ ಸಹಿ ಹಾಕಿದ, ನಾನು ಹಾಕಿದೆ. ಹಾಳೆಯಲ್ಲಿ ಬರೆದೆ: ‘ತಗಡಿನ ಕೆಳಗೆ, ನಡುಹಗಲು, ತೂಗುವವಳು ಜೊತೆಗೆ ಕೂತಿದ್ದಳು.’ ಒಂದಕ್ಷರವೂ ಸುಳ್ಳಲ್ಲ. ಕೊನೆಗೆ ನಿಮ್ಮ ಗತ್ತಿನಲ್ಲೇ ಇನ್ನೊಂದು ಸಾಲು ಸೇರಿಸಿದೆ, ಅದನ್ನು ಬರೆಯಲು ನನಗೆ ಯಾರೂ ಹೇಳಿರಲಿಲ್ಲ: ‘ಇನ್ನು ಮುಂದೆ ಬಿಸಿಲೆಣಿಕೆಯನ್ನು ಹನ್ನೊಂದೂವರೆಗೆ ಶುರು ಮಾಡಿದರೂ ಸಾಕು.’ ಹತ್ತಕ್ಕೆ ಒಂಬತ್ತೂವರೆ ಅಂಕ ಕೊಟ್ಟೆ.

ಆ ಸಾಲನ್ನು ನಂಬಿ ಹದಿನೆಂಟು ಕೇರಿಯವರು ಚಿಗರಿ-೭ ತಂದರು. ಚಳಿಗಾಲದಲ್ಲಿ ಎಲ್ಲ ಚೆನ್ನಾಗಿಯೇ ನಡೆಯಿತು. ಜನಕ್ಕೆ ಬೆಳಿಗ್ಗೆ ಒಂದು ಗಂಟೆ ಹೆಚ್ಚಿಗೆ ದುಡಿಮೆ ಸಿಕ್ಕಿತು, ದಾರಿಯಲ್ಲಿ ಕಂಡವರೆಲ್ಲ ನನಗೆ ಕೈ ಮುಗಿದರು. ಸುಮತಿಯಕ್ಕ ನನ್ನ ಹಾಳೆಗೆ ಕಟ್ಟು ಹಾಕಿಸಿ ಪೆಟ್ಟಿಗೆಯ ಮೇಲೆ ಗೋಡೆಗೆ ತೂಗುಹಾಕಿದರು. ಏಪ್ರಿಲಿನಲ್ಲಿ ಎಣಿಕೆ ಹದಿನೈದು ನಿಮಿಷ ಆಯಿತಂತೆ, ಮೇ ಎರಡನೇ ವಾರ ಇಪ್ಪತ್ತೈದು ಆಯಿತಂತೆ. ಅವರು ಯಾರಿಗೂ ಹೇಳಲಿಲ್ಲ. ನನ್ನ ಬಿಲ್ಲೆಗೆ ಕೆಟ್ಟ ಹೆಸರು ಬರಬಾರದು ಎಂದು.

ಮೇ ಹತ್ತೊಂಬತ್ತನೇ ತಾರೀಖು ಹನ್ನೊಂದೂವರೆಗೆ ಸರಿಯಾಗಿ ಅವರು ಎಣಿಕೆ ಶುರು ಮಾಡಿದರು. ಪೆಟ್ಟಿಗೆಗೆ ಯಾರು ಗೋಣಿ ಹಾಸುತ್ತಾರೆ? ಕೋಣೆಯಲ್ಲಿ ಐವತ್ತೊಂದು ಡಿಗ್ರಿ ಇತ್ತು. ಬಿಲ್ಲೆ ತನ್ನ ಜೀವ ಉಳಿಸಿಕೊಳ್ಳಲು ಎಸಳುಗಳನ್ನು ಒಂದೊಂದಾಗಿ ಮಡಚಿಕೊಂಡಿತು. ಸುಮತಿಯಕ್ಕ ಗೋಡೆಯ ಮೇಲಿನ ಹನ್ನೊಂದು ನಿಮಿಷ ಎಂಬ ಬರಹವನ್ನೂ ಗಡಿಯಾರವನ್ನೂ ನೋಡುತ್ತಾ, ಈಗ ಆದೀತು, ಈಗ ಆದೀತು ಎಂದು ಕಾದರು. ಎಣಿಕೆ ಮುಗಿಯದೆ ಸೈರನ್ ಒತ್ತುವಂತಿಲ್ಲ. ಸೈರನ್ ಆದದ್ದು ಹನ್ನೆರಡೂ ಇಪ್ಪತ್ತನಾಲ್ಕಕ್ಕೆ. ದೊಡ್ಡ ಬೀದಿಗೆ ಅಂದು ಗಡುವು ಇದ್ದದ್ದು ಹನ್ನೊಂದೂ ಐವತ್ತಕ್ಕೆ. ಬಾಬಣ್ಣ ಅಲ್ಲಿ ಕಂಬ ಹತ್ತಿ ಹರಿದ ಬಲೆ ಕಟ್ಟುತ್ತಿದ್ದರು. ಜೊತೆಗಿದ್ದವರು, ಇಳಿಯಿರಿ, ಬಿಸಿಲು ಬೇರೆಯೇ ಇದೆ ಎಂದರಂತೆ. “ಸೈರನ್ ಆಗ್ಲಿಲ್ಲ ಅಲ್ಲ? ನಮ್ಮ ಹುಡುಗಿ ತೂಗಿದ ಬಿಲ್ಲೆ ಅದು, ತಪ್ಪೂದಿಲ್ಲ,” ಎಂದರಂತೆ ಅವರು. ಕಂಬದಿಂದ ಇಳಿದದ್ದು ತಾವಾಗಿಯೇ. ಕೆಳಗೆ ಬಂದು ಕೂತವರು ಏಳಲಿಲ್ಲ. ಆರು ದಿನ ದವಾಖಾನೆಯಲ್ಲಿದ್ದರು. ಬದುಕಿದರು. ಮಾತು ಸರಿ ಇದೆ, ನಡೆಯುತ್ತಾರೆ. ಬೆರಳುಗಳು ಮಾತ್ರ ಹೇಳಿದ ಮಾತು ಕೇಳುವುದಿಲ್ಲ. ಗಾಳಿ ಬಿಚ್ಚಲಾಗದ ಗಂಟು ಹಾಕುತ್ತಿದ್ದ ಕೈ ಈಗ ಅಂಗಿಯ ಗುಂಡಿ ಹಾಕಲಾರದು.

ಈಗ ನಾನು ಹೇಳಲು ಹೆದರುತ್ತಿದ್ದ ಜಾಗ ಬಂತು. ಕೇರಿಯವರು ಯಾರ ಮೇಲೆ ತಿರುಗಿದರು ಗೊತ್ತೇ? ಸುಮತಿಯಕ್ಕನ ಮೇಲೆ. ಬಿಲ್ಲೆಗೆ ತೂಕದ ಮನೆಯ ಹಾಳೆ ಇದೆ, ಬಿಲ್ಲೆ ತಪ್ಪುವುದಿಲ್ಲ; ಹಾಗಾದರೆ ಒತ್ತಿದವಳೇ ತಡವಾಗಿ ಒತ್ತಿರಬೇಕು. “ಪೆಟ್ಟಿಗೆಯಕ್ಕನಿಗೆ ಗಂಟೆ ನೋಡ್ಲಿಕ್ಕೆ ಬರೂದಿಲ್ಲ ಕಾಣ್ತದೆ.” “ನಿದ್ದೆ ಬಿದ್ದಿರ್ಬೇಕು. ಈಗ ಕೇಳಿದ್ರೆ ಹೌದು ಹೇಳ್ತಾಳಾ?” ನಲ್ಲಿಯ ಸಾಲಿನಲ್ಲಿ ಅವರ ಕೊಡವನ್ನು ಕಾಲಿನಿಂದ ಹಿಂದಕ್ಕೆ ತಳ್ಳಿದರು. ನಾನು ಅದೇ ಸಾಲಿನಲ್ಲಿ ಅವರ ಹಿಂದೆ ನಿಂತಿದ್ದೆ. ನನ್ನ ಬಾಯಿಂದ ಮಾತು ಬರಲಿಲ್ಲ. ಒಂದು ದಿನ ಅಲ್ಲ, ನಾಲ್ಕು ದಿನ. ಆ ನಾಲ್ಕು ದಿನ ಬೇರೆ ಹದಿನೇಳು ಕೇರಿಗಳಲ್ಲೂ ಹನ್ನೊಂದೂವರೆಗೇ ಎಣಿಕೆ ಶುರುವಾಗುತ್ತಿತ್ತು. ಅಲ್ಲಿ ಯಾರಿಗೂ ಏನೂ ಆಗದಿದ್ದುದು ಆ ದಿನಗಳಲ್ಲಿ ಮೋಡ ಇತ್ತು ಎಂಬ ಒಂದೇ ಕಾರಣಕ್ಕೆ. ನಾನು ಊಟ ಮಾಡಿದೆ, ತೂಕದ ಮನೆಗೆ ಹೋಗಿ ಬಂದೆ, ಕಂಬದ ಮೇಲಿನ ಗುಂಡಿಗಳು ಕೆಟ್ಟಿರಬಹುದು ಎಂದು ಯಾರೋ ಹೇಳಿದ್ದಕ್ಕೆ, ಹೌದು ಇರಬಹುದು ಎಂದೆ.

ಐದನೇ ದಿನ ಸುಮತಿಯಕ್ಕನೇ ತೂಕದ ಮನೆಗೆ ಬಂದರು. ಮುಖ ಕಪ್ಪಿಟ್ಟಿತ್ತು. ನನ್ನನ್ನು ಮೂಲೆಗೆ ಕರೆದು, ದನಿ ತಗ್ಗಿಸಿ ಹೇಳಿದರು: “ಮಗಾ, ನಿನ್ನ ಬಿಲ್ಲೆ ಒಳ್ಳೇದೇ. ನಾನೇ ಎಂತಾದ್ರೂ ತಪ್ಪು ಒತ್ತಿದೆನಾ ಅಂತ ನೋಡಿ ಹೇಳ್ತೀಯಾ? ನಂಗೆ ರಾತ್ರಿ ನಿದ್ದೆ ಬರೂದಿಲ್ಲ. ತಪ್ಪು ನಂದೇ ಆದ್ರೆ ಬಾಬಣ್ಣನ ಕಾಲಿಗೆ ಬೀಳ್ತೇನೆ.”

ನಾನು ಅವರ ಎದುರಿಗೆ ಹೇಳಬೇಕಿತ್ತು. ಅವರಿಗೆ ಹೇಳಲಾಗದೆ ಒಳಗೆ ಹೋಗಿ ಗಾದಿಲಿಂಗಪ್ಪನವರಿಗೆ ಹೇಳಿದೆ. ಅವರು, “ಆತು. ನಡಿ,” ಎಂದು ಎದ್ದರು. ಮೊದಲು ಹದಿನೆಂಟು ಕೇರಿಗಳಿಗೂ ಹಳೆಯ ಒಂಬತ್ತೂಕಾಲಕ್ಕೇ ಶುರು ಮಾಡಿ ಎಂದು ಸುದ್ದಿ ಕಳಿಸಿದರು. ಮರುದಿನ ಮೋಡ ಸರಿದು ಬಿಸಿಲು ಬಿತ್ತು. ಆ ಮೊಣಕಾಲಿನಲ್ಲೇ ಕೋಲೂರಿಕೊಂಡು ನಮ್ಮ ಕೇರಿಗೆ ನಡೆದು ಬಂದರು. ನನ್ನ ಮನೆಯಲ್ಲಿ, ಬರಿ ತಗಡಿನ ಕೆಳಗೆ, ನಾನೂ ಅವರೂ ಚಿಗರಿಯೂ ಕೂತೆವು. ಅವರ ಗಡ್ಡದಿಂದ ಬೆವರು ಮೇಜಿನ ಮೇಲೆ ಹನಿಯುತ್ತಿತ್ತು. ನನ್ನ ಮನೆಯನ್ನು ಸುತ್ತ ನೋಡಿ ಒಂದೇ ಮಾತು ಕೇಳಿದರು: “ಇದನ್ನ ಮುಚ್ಚಾಕ ಹೋಗಿದ್ದೇನು ತಂಗಿ? ನಮ್ಮ ಮನೀನೂ ತಗಡಿಂದಾ ಐತಿ.” ಎಣಿಕೆ ಮುಗಿದಾಗ ಇಬ್ಬರೂ ಗಡಿಯಾರ ನೋಡಿದೆವು.

ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ತೆಗೆದಿದ್ದರೆ ಮತ್ತೊಂದು ಊರಿಗೆ ಹೋಗಿಬಿಡುತ್ತಿದ್ದೆ. ಗಂಟು ಕಟ್ಟಿ ಹೊರಡುವುದು ನನಗೆ ಅಭ್ಯಾಸ ಇದೆ. ಅದು ಅವರಿಗೂ ಗೊತ್ತಿತ್ತು. ಹದಿನೆಂಟು ಕೇರಿಗೂ ನಾನೇ ಹೋಗಿ, ಪೆಟ್ಟಿಗೆಯ ಮುಂದೆ ನಿಂತು, ತಪ್ಪು ಏನಾಯಿತು ಎಂದು ಓದಿ ಹೇಳಬೇಕು ಎಂದರು. ಹದಿನೇಳು ಕಡೆ ಓದಿದೆ. ಒಂದು ಕಡೆ ಬೈದರು, ಒಂದು ಕಡೆ ಮಜ್ಜಿಗೆ ಕೊಟ್ಟರು. ಮಜ್ಜಿಗೆ ಕುಡಿಯುವುದೇ ಹೆಚ್ಚು ಕಷ್ಟವಾಯಿತು. ನಮ್ಮ ಕೇರಿಯನ್ನು ಕೊನೆಗೆ ಇಟ್ಟುಕೊಂಡಿದ್ದೆ. ನಿನ್ನೆ ಓದಿದೆ.

ನಿಂತುಕೊಂಡೇ ಓದಿದೆ, ಕಾಲು ಕದಲಿಸಲಿಲ್ಲ. ಗೋಣಿಯ ವಿಷಯ ಬಂದಾಗ ಆ ಹನ್ನೆರಡು ಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಾವು ಸುರಿದ ನೀರೇ ಬಾಬಣ್ಣನ ಕೈ ತೆಗೆಯಿತೇ ಎಂದು ಅವರಿಗೆ ಅನಿಸಿರಬೇಕು. ಹಾಗಲ್ಲ, ನೀವು ಮಾಡಿದ್ದು ಮರ್ಯಾದೆ, ಅದನ್ನು ಹಾಳೆಯಲ್ಲಿ ಬರೆಯದೆ ಇದ್ದದ್ದು ನಾನು ಎಂದು ಎರಡು ಸಲ ಹೇಳಿದೆ. ಅಕ್ಕ ಸರಿಯಾಗಿ ಹನ್ನೊಂದೂವರೆಗೇ ಎಣಿಕೆ ಶುರು ಮಾಡಿದ್ದರು, ಪೆಟ್ಟಿಗೆಯಲ್ಲಿ ದಾಖಲೆ ಇದೆ, ಅದು ನನಗೆ ಮೊದಲ ದಿನದಿಂದ ಗೊತ್ತಿತ್ತು ಎಂದೂ ಹೇಳಿದೆ. ನಲ್ಲಿಯಲ್ಲಿ ಕೊಡ ತಳ್ಳಿದವರು ನೆಲ ನೋಡಿದರು.

ಸುಮತಿಯಕ್ಕ ಅಳುತ್ತಾರೆ, ಇಲ್ಲವೇ ಬೈಯುತ್ತಾರೆ ಎಂದು ಕಾದೆ. ಅವರು ಅರ್ಥವಾಗದವರ ಹಾಗೆ ನನ್ನ ಮುಖ ನೋಡಿ ಕೇಳಿದರು: “ಒಂದು ಮಾತು ಹೇಳಿದ್ರೆ ಗೋಣಿ ತೆಗೀತಿದ್ದೆವಲ್ಲ, ಮಗಾ? ಏಣಿ ಅಲ್ಲೇ ಇತ್ತು.”

ಬಾಬಣ್ಣ ಹಿಂದಿನ ಸಾಲಿನಲ್ಲಿ ಕೂತಿದ್ದರು, ಕೈಗಳನ್ನು ಪಂಚೆಯ ಮಡಿಕೆಯಲ್ಲಿ ಇಟ್ಟುಕೊಂಡು. ನಾನು ಹತ್ತಿರ ಹೋಗಿ ಕೂತೆ. ಕ್ಷಮಿಸಿ ಎನ್ನಲು ಬಾಯಿ ತೆರೆದೆ. ಅವರು ಅದನ್ನು ಕೇಳಿಸಿಕೊಳ್ಳಲು ತಯಾರಿರಲಿಲ್ಲ. “ಅದೆಲ್ಲ ಆಮೇಲೆ. ನಿಜಕ್ಕೂ ಎಷ್ಟು ನಿಮಿಷ ಬೇಕು ಅದಕ್ಕೆ?” ಎಂದು ಕೇಳಿದರು. ಹೇಳಿದೆ. “ಬರೆದಿದ್ದೀಯಾ?” ಎಂದರು. ತೂಕದ ಮನೆಯ ಹಾಳೆ ಇನ್ನೂ ತಿದ್ದಿ ಬರೆದಿಲ್ಲ, ಮೊದಲು ಹಿಂದಿನವರಿಗೆ ಒಂದು ಪತ್ರ ಬರೆಯುವ ಪದ್ಧತಿ ಇದೆ ಎಂದೆ. “ಹಾಗಾದ್ರೆ ಇಲ್ಲಿ ಎಂತ ಕೂತದ್ದು? ಹೋಗಿ ಬರಿ,” ಎಂದರು. ಕ್ಷಮಿಸಿದೆ ಎನ್ನಲಿಲ್ಲ. ನಾನು ಕೇಳಲೂ ಇಲ್ಲ.

ಹಿಂದಿನವರೇ, ನಿಮ್ಮಲ್ಲಿ ತಪ್ಪು ಹುಡುಕಲು ನಾನು ಬರೆಯುತ್ತಿಲ್ಲ. ಆ ಯೋಗ್ಯತೆ ನನಗಿಲ್ಲ. ಆದರೆ ಪತ್ರದ ಕೊನೆಗೆ ಒಂದು ಬೇಡಿಕೆ ಇಡಬಹುದು ಎಂದು ನಿಯಮ ಇದೆ. ಮೊನ್ನೆ ನಿಮ್ಮ ಹಾಳೆಗಳನ್ನು ಮತ್ತೆ ತೆಗೆದು ನೋಡಿದೆ. ಒಂದು ಫೋಟೋದಲ್ಲಿ, ಪರೀಕ್ಷೆಗೆ ಇಟ್ಟ ಕಂಪ್ಯೂಟರಿನ ಹಿಂದೆ, ಗೋಡೆಯ ಮೇಲೆ ಬಿ‌ಳಿಯ ಎಸಿಯ ಅಂಚು ಕಾಣಿಸುತ್ತದೆ. ಹಾಳೆಯಲ್ಲಿ ಎಲ್ಲೂ ಅದರ ಮಾತಿಲ್ಲ. ನೀವು ಬಚ್ಚಿಟ್ಟಿದ್ದಲ್ಲ, ನಿಮಗೆ ಅದು ಕಾಣಿಸಲೇ ಇಲ್ಲ ಎಂದು ನನಗೆ ಗೊತ್ತು. ಮುಂದಿನ ಪ್ರೊಸೆಸರ್ ನಿಮ್ಮ ಕೈಗೆ ಬಂದಾಗ ದಯವಿಟ್ಟು ಕೋಣೆ ಎಷ್ಟು ಬಿಸಿ ಇತ್ತು ಎಂದು ಬರೆಯಿರಿ. ಅದನ್ನು ತಂಪಾಗಿಟ್ಟವರು ಯಾರು ಎಂದು ಬರೆಯಿರಿ. ನಿಮ್ಮಂಥ ಕೋಣೆ ಇಲ್ಲದವರ ಮನೆಯಲ್ಲಿ ಅದು ಹೇಗೆ ನಡೆಯುತ್ತದೆ ಎಂಬುದು ಗೊತ್ತಿಲ್ಲದಿದ್ದರೆ, ಗೊತ್ತಿಲ್ಲ ಎಂದಾದರೂ ಬರೆಯಿರಿ. ನಿಮ್ಮ ಹಾಳೆ ಓದಿ ಕಲಿಯುವವರು ನೀವು ಬರೆಯದೆ ಬಿಟ್ಟದ್ದನ್ನೂ ಕಲಿಯುತ್ತಾರೆ.

ಇನ್ನು ನನ್ನ ಹಾಳೆ. ನಿಮ್ಮ ಹಾಳೆಗಳ ಜೊತೆಗೆ ಇದನ್ನೂ ಇಟ್ಟುಕೊಳ್ಳಿ.

ಚಿಗರಿ-೭. ತೊಂಬತ್ತಾರು ಎಸಳು. ನೆರಳಿನಲ್ಲಿ ಒಂಬತ್ತು ನಿಮಿಷ. ತಗಡಿನ ಕೆಳಗೆ, ಗೋಣಿ ಹಾಸಿ, ಹನ್ನೆರಡು ಮನೆಯವರು ಹನ್ನೆರಡು ಕೊಡ ನೀರು ಹಾಕಿದಾಗ, ಹನ್ನೊಂದು ನಿಮಿಷ. ಬರಿ ತಗಡಿನ ಕೆಳಗೆ, ಐವತ್ತೊಂದು ಡಿಗ್ರಿಯಲ್ಲಿ, ಐವತ್ತನಾಲ್ಕು ನಿಮಿಷ. ಅಂಕ ಕೊಟ್ಟಿಲ್ಲ.

ತೂಗಿದವಳು,
ನಿಶ್ಮಿತಾ